ವಿ ಎಚ್ ಡಿ ಅಂದರೆ ವಿಡಿಯೋ ಎಚ್‌ಡಿ ಅಲ್ಲ

ಕೌದಿ ತುಳಿಯುತ್ತಿದ್ದೆ.

ಮಾನವಮಿ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಕೊಟ್ಟೂರಿನಲ್ಲಿ ಹೆಂಗಸರು ಸಿಗುವುದು ಎರಡೇ ಜಾಗದಲ್ಲಿ. ಅಟ್ಟದ ಮೇಲೆ, ಇಲ್ಲವೇ ನೀರಿನಲ್ಲಿ. ನಾನು ನೀರಿನಲ್ಲಿದ್ದೆ. ಹಿತ್ತಲ ಕಲ್ಲುಬಾನಿಗೆ ಸೋಪಿನ ಪುಡಿ ಸುರಿದು, ಸೀರೆ ಎತ್ತಿ ಕಟ್ಟಿ, ಗೋಡೆ ಹಿಡಿದುಕೊಂಡು ಮನೆಮಂದಿಯ ವರ್ಷದ ಕೊಳೆಯನ್ನೆಲ್ಲ ತುಳಿಯುತ್ತಿದ್ದೆ. (ನೆನೆದ ಕೌದಿಯ ಭಾರ ಎಷ್ಟೆಂದು ಗಂಡಸರಿಗೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಒಮ್ಮೆ ಹಿಂಡಿಸಬೇಕು.)

ಆಗ ಗಿರಿಜಾ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಗಿರಿಜಾ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ ನಮ್ಮದು.

"ಅಕ್ಕಾ, ನನ್ನ ವಿಂಡೋಸ್ ಇಲ್ಲ."

"ಯಾವ ಕಿಟಕಿಲೇ? ಪಡಸಾಲಿದಾ? ಬಣ್ಣದವ್ರು ಬಿಚ್ಚಿಟ್ಟಿರ್ತಾರ ನೋಡು."

"ಮನಿದಲ್ಲಕ್ಕಾ. ಕಂಪ್ಯೂಟರ್‌ದು. ನನ್ನ ಹಳೇದು."

ಅವಳ ಮುಖ ನೋಡಿ ಬಾನಿಯಿಂದ ಇಳಿದೆ.

ಇದೇನಪ್ಪಾ, ಒಲೆ, ದೇವರು ಅಂತ ಬರೆಯುವವಳು ಕಂಪ್ಯೂಟರ್ ಬಗ್ಗೆ ಶುರು ಮಾಡಿದಳು ಅಂದಿರಾ? ತಾಳಿ, ಹೇಳುತ್ತೇನೆ. ಗಿರಿಜಾಳ ಹತ್ತಿರ ಒಂದು ಎಂಬ್ರಾಯ್ಡರಿ ಮಷೀನ್ ಇದೆ. ಕುಪ್ಪಸದ ತೋಳಿಗೆ, ಬೆನ್ನಿಗೆ ಹೂವು ಬಳ್ಳಿ ಹಾಕುವಂಥದ್ದು. ಡಿಸೈನ್ ಕಂಪ್ಯೂಟರಿನಲ್ಲಿ ಬರೆಯುವುದು, ಕೇಬಲ್ಲಿನಲ್ಲಿ ಕಳಿಸುವುದು, ಮಷೀನ್ ತಾನೇ ಹೊಲಿಯುವುದು. ಡಿಸೈನ್ ಎಲ್ಲ ಅವಳದೇ. ಪೇಟೆಯದನ್ನು ನಕಲು ಹೊಡೆಯುವವಳಲ್ಲ. ಕೌದಿಯ ಅಂಚಿನ ಹೆಣಿಗೆ, ಕೋಗಳಿ ಬಸದಿಯ ಕಂಬದ ಬಳ್ಳಿ, ಹುಣಸೆ ಚಿಗುರು, ಕಣ್ಣಿಗೆ ಬಿದ್ದದ್ದೆಲ್ಲ ತೋಳಿಗೆ ಏರುತ್ತದೆ.

ಮಷೀನ್ ಹಳೆಯದು, ಸೆಕೆಂಡ್ ಹ್ಯಾಂಡ್. ಅದಕ್ಕೆ ಹಳೆಯ ವಿಂಡೋಸ್ ಬಿಟ್ಟು ಬೇರೆಯವರ ಭಾಷೆ ತಿಳಿಯುವುದಿಲ್ಲ. ಹಿಂದಿನ ಕಂಪ್ಯೂಟರ್ ಸತ್ತು ಮನೆಗೆ ಹೊಸದು ಬಂದಾಗ ಇದೇ ಫಜೀತಿಯಾಯಿತು. ಹೊಸ ಕಂಪ್ಯೂಟರು ನಮ್ಮ ಯಜಮಾನರ ದವಸದ ಅಡತಿ ಅಂಗಡಿ ಲೆಕ್ಕಕ್ಕೆಂದು ತಂದದ್ದು. ಒಳಗೆ ಹೊಸ ವಿಂಡೋಸ್. ಕೇಬಲ್ ಚುಚ್ಚಿದರೆ ಮಷೀನನ್ನು ಗುರುತೇ ಹಿಡಿಯಲಿಲ್ಲ. ಹೊಸ ಸೊಸೆ, ಹಳೇ ಅತ್ತೆ!

ಆಗ ನೆರವಿಗೆ ಬಂದವನು ಕೊಟ್ರೇಶಿ. ಗಿರಿಜಾಳ ಸೋದರಮಾವನ ಮಗ, ಹರಪನಹಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ. ಬಸ್ ಕಂಡಕ್ಟರ್ ಕೈಲಿ ಒಂದು ಪೆನ್ ಡ್ರೈವ್ ಕೊಟ್ಟು ಕಳಿಸಿದ. ಉಳಿದದ್ದೆಲ್ಲ ಫೋನಿನಲ್ಲಿ. ಅವನು ಹೇಳುತ್ತ ಹೋದ, ಇವಳು ಒತ್ತುತ್ತ ಹೋದಳು, ನಾನು ಅವರೆಕಾಯಿ ಸುಲಿಯುತ್ತ ನೋಡುತ್ತ ಕೂತೆ.

ಅದರ ಉಪಾಯ ನನಗೆ ಬಹಳ ಇಷ್ಟವಾಯಿತು. ಹೊಸ ವಿಂಡೋಸನ್ನು ಮುಟ್ಟುವುದಿಲ್ಲ. ಡಿ ಡ್ರೈವಿನಲ್ಲಿ ಒಂದು ಖಾಲಿ ಫೈಲ್ ಮಾಡುವುದು. ದೊಡ್ಡದು, ಜೋಳ ತುಂಬುವ ಹಗೇವಿನಂಥದ್ದು. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಟೈಪ್ ಮಾಡಿ, "ಇದು ಫೈಲ್ ಅಲ್ಲ, ಇದೇ ಒಂದು ಹಾರ್ಡ್ ಡಿಸ್ಕ್" ಎಂದು ಕಂಪ್ಯೂಟರನ್ನು ನಂಬಿಸುವುದು. ಆಮೇಲೆ ಹಳೆಯ ವಿಂಡೋಸನ್ನು ಅದರೊಳಗೆ ಹಾಕುವುದು. ವರ್ಚುವಲ್ ಹಾರ್ಡ್ ಡಿಸ್ಕ್ ಅನ್ನುತ್ತಾರಂತೆ. ಚಿಕ್ಕದಾಗಿ ವಿ ಎಚ್ ಡಿ.

"ಇಲ್ಲದ ಡಿಸ್ಕ್ ಐತಿ ಅಂದ್ರ ಅದು ನಂಬ್ತತೇನೋ ಕೊಟ್ರೇಶಿ?" ಅಂದೆ ಸ್ಪೀಕರಿಗೆ ಬಾಯಿ ಕೊಟ್ಟು.

"ನೀವು ಕಲ್ಲನ್ನ ದೇವ್ರು ಅಂತ ನಂಬಲ್ವೇನಕ್ಕ?" ಅಂದ.

ಮತ್ತೆ ಅವರೆಕಾಯಿಗೆ ಕೈ ಹಾಕಿದೆ. (ನಂಬುತ್ತೇನೆ. ಅದೂ ಕೈ ಬಿಟ್ಟಿಲ್ಲ.)

ನಡುವೆ ಒಂದು ಕಡೆ ಪರದೆ ಮುನಿಸಿಕೊಂಡಿತು. ಈ ಡಿಸ್ಕಿನ ಮೇಲೆ ವಿಂಡೋಸ್ ಹಾಕಲು ಬರುವುದಿಲ್ಲ ಎಂದು ಹಳದಿ ಗುರುತು ತೋರಿಸಿತು. ಗಿರಿಜಾ ಕೈ ಹಿಂದೆ ತೆಗೆದಳು.

"ಅದು ಹಂಗೇ ಅಂತೈತೆ ತಗಾ. ಅದ್ರ ಮಾತು ಕೇಳಬ್ಯಾಡ, ನೆಕ್ಸ್ಟ್ ಒತ್ತು" ಅಂದ ಕೊಟ್ರೇಶಿ.

ಒತ್ತಿದಳು. ಹೋಯಿತು! ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲೂ ಬರುವುದಿಲ್ಲ, ಆಗುವುದಿಲ್ಲ ಎಂದು ಎಷ್ಟೊಂದು ಹಳದಿ ಗುರುತುಗಳಿದ್ದವು. ನೆಕ್ಸ್ಟ್ ಒತ್ತಬಹುದು ಎಂದು ನಮಗೆ ಯಾರು ಹೇಳಿದರು?

ಅಂದಿನಿಂದ ಕಂಪ್ಯೂಟರ್ ಹಚ್ಚಿದರೆ ಮೊದಲು ಎರಡು ಹೆಸರು ಬರುತ್ತಿದ್ದವು. ಮೇಲಿನದು ಯಜಮಾನರದು, ಕೆಳಗಿನದು ಗಿರಿಜಾಳದು. ಅವಳು ಬಾಣ ಕೆಳಗಿಳಿಸಿ ಎಂಟರ್ ಒತ್ತಿದರೆ ಹಳೆಯ ವಿಂಡೋಸ್ ಏಳುತ್ತಿತ್ತು, ಮಷೀನ್ ಕುಯ್ ಎಂದು ಮಾತಾಡುತ್ತಿತ್ತು. ಹೊರಗಿನ ಡಿಸ್ಕಿಗೆ ಆ ಫೈಲಿನ ಒಂದು ಕಾಪಿಯನ್ನೂ ಅವತ್ತೇ ತೆಗೆಸಿದ್ದ ಕೊಟ್ರೇಶಿ. ಡಿಸೈನುಗಳನ್ನು ಗಿರಿಜಾ ಆ ಹಳೆಯ ವಿಂಡೋಸಿನ ಒಳಗೇ ಇಡುತ್ತಿದ್ದಳು. "ಪಡಸಾಲ್ಯಾಗ ಯಾಕಕ್ಕಾ, ನನ್ನ ಕೋಣ್ಯಾಗ ಇರ್ಲಿ" ಅನ್ನುತ್ತಿದ್ದಳು.

ಈಗ ಆ ಕೋಣೆಯೇ ಇಲ್ಲ. ಕೆಳಗಿನ ಹೆಸರು ಒತ್ತಿದರೆ ಕಪ್ಪು ಪರದೆ, ಫೈಲ್ ಸಿಗುತ್ತಿಲ್ಲ ಎಂಬ ಇಂಗ್ಲಿಷು.

ಪಡಸಾಲೆಗೆ ಬಂದರೆ ಯಜಮಾನರು ಚಹಾ ಕುಡಿಯುತ್ತಿದ್ದರು. ಕೇಳುವ ಮೊದಲೇ ಹೇಳಿದರು, ಅದೂ ಮೀಸೆ ತಿರುವಿಕೊಂಡು.

"ನೀವಷ್ಟ ಹಬ್ಬದ ಸ್ವಚ್ಛ ಮಾಡ್ತೀರಂತ ತಿಳ್ಕಂಡೀರೇನು? ನಾನೂ ನಿನ್ನೆ ಕಂಪ್ಯೂಟರ್ ಸ್ವಚ್ಛ ಮಾಡೀನಿ."

"ಏನೇನು ತೆಗದ್ರಿ?"

"ಸಣ್ಣ ಪುಟ್ಟದ್ದು ಬಿಡು. ಒಂದು ಸಿನಿಮಾ ಇತ್ತು ನೋಡು, ಅರ್ಧ ಡ್ರೈವ್ ಅದಾ ನುಂಗಿತ್ತು. ಹೆಸರಿನ ಕಡೀಗೆ ವಿ ಎಚ್ ಡಿ ಅಂತ ಇತ್ತು. ವಿಡಿಯೋ ಎಚ್‌ಡಿ!"

ಗಿರಿಜಾ ಗೋಡೆಗೆ ಒರಗಿದಳು.

"ಸಿನಿಮಾ ಅಂತ ಹೆಂಗ ಗೊತ್ತಾತು? ತೆಗದು ನೋಡಿದ್ರೇನು?" ಅಂದೆ.

"ನಾನ್ಯಾಕ ತೆಗದು ನೋಡ್ಲಿ? ಹಬ್ಬದ ದಿನದಾಗ, ಜಳಕ ಪೂಜಿ ಮುಗಿಸಿ ಕುಂತೀನಿ. ಎಂಥಾ ಸಿನಿಮಾನೋ ಏನೋ! ಹುಡುಗ್ರು ಏನು ಇಳಿಸಿಟ್ಟಿರ್ತಾವೋ ಯಾರಿಗ್ಗೊತ್ತು? ಕಸದ ಬುಟ್ಟಿಗೆ ಹಿಡಿಸಂಗಿಲ್ಲ, ಪೂರಾ ಅಳಿಸ್ಲೇನು ಅಂತ ಕೇಳ್ತು. ಅಳಿಸಪಾ ಅಂದೆ."

ಮಡಿ ಎಷ್ಟು ಕೆಲಸ ಕೆಡಿಸುತ್ತದೆ ನೋಡಿ. ಕೊಂಚ ಮೈಲಿಗೆಯ ಮನುಷ್ಯನಾಗಿದ್ದರೆ ಆಸೆಗಾದರೂ ತೆರೆದು ನೋಡುತ್ತಿದ್ದರು, ಫೈಲ್ ಉಳಿಯುತ್ತಿತ್ತು! ದೇವರೇ, ಹೀಗೆ ಬರೆದದ್ದಕ್ಕೆ ತಪ್ಪಾಯಿತು.

ಕೊಟ್ರೇಶಿಗೆ ಫೋನ್ ಹಚ್ಚಿದೆವು. ಅವನು ಕೇಳಿದ್ದು ಒಂದೇ ಮಾತು. "ಮಾವ, ಅಳಿಸಿದ ಮ್ಯಾಲೆ ಆ ಡ್ರೈವಿಗೆ ಏನಾದ್ರೂ ತುಂಬಿದ್ರಾ?"

ಅಳಿಸುವುದೆಂದರೆ ಮನೆ ಕೆಡವಿದಂತಲ್ಲವಂತೆ. ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತಂತೆ ಅಷ್ಟೇ. ಬೇರೆಯವರು ಬಂದು ಸಂಸಾರ ಹೂಡುವ ತನಕ ಒಳಗಿನ ಸಾಮಾನು ಹಾಗೇ ಇರುತ್ತದಂತೆ, ಹುಡುಕಿ ತೆಗೆಯಬಹುದಂತೆ.

ಯಜಮಾನರ ಮೀಸೆ ಇಳಿಯಿತು. "ಜಾಗ ಆತಲ್ಲಾ ಅಂತ... ಶ್ರಾವಣದ ಪುರಾಣ ಪ್ರವಚನದ ವಿಡಿಯೋ ಇದ್ವಲ್ಲ, ತಿಂಗಳದ್ದು ಪೂರಾ. ಅವನ್ನ ಹಾಕಿದೆ."

ಗಿರಿಜಾಳ ಕೆಲಸದ ಮೇಲೆ ಪುರಾಣ ಬಂದು ಪೀಠ ಹಾಕಿ ಕೂತಿತ್ತು.

ಅವಳು ಅಳಲಿಲ್ಲ. ಒಳಗೆ ಹೋಗಿ ಮಷೀನಿನಿಂದ ಒಂದು ಬಟ್ಟೆ ಬಿಚ್ಚಿ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಮದುವಣಗಿತ್ತಿಯ ಕುಪ್ಪಸದ ಬಟ್ಟೆ. ಉಜ್ಜಿನಿಯ ಹುಡುಗಿ, ಹಬ್ಬ ಮುಗಿದ ಕೂಡಲೇ ಧಾರೆ. ಅವಳೇ ಬಯಸಿ ಕೇಳಿದ ಡಿಸೈನ್: ಜೋಳದ ತೆನೆ, ತೆನೆಯ ಮೇಲೊಂದು ಗುಬ್ಬಿ.

"ಒಂದು ತೋಳು ಆಗೇತಿ. ಇನ್ನೊಂದು ಉಳದೈತಿ" ಅಂದಳು.

ಬಟ್ಟೆ ಧಾರೆಯ ಸೀರೆಯಿಂದಲೇ ಕತ್ತರಿಸಿದ್ದು. ಬೇರೆ ತರಲು ಬರುವುದಿಲ್ಲ. ಆ ತೆನೆ, ಆ ಗುಬ್ಬಿ ಈಗ ಕಂಪ್ಯೂಟರಿನಲ್ಲಿಲ್ಲ. ಹುಡುಗಿಯ ಮನೆಯವರಿಗೆ ಏನೆಂದು ಹೇಳುವುದು?

ಯಜಮಾನರು ಸಣ್ಣ ದನಿಯಲ್ಲಿ ಕೇಳಿದರು. "ಇನ್ನೊಂದು ತೋಳಿಗೆ ಬ್ಯಾರೆ ಡಿಸೈನ್ ಹಾಕಿದ್ರ ನಡಿಯಂಗಿಲ್ಲೇನವ್ವಾ?"

ಉತ್ತರ ನಾನೇ ಕೊಟ್ಟೆ. "ನಾಳಿ ನೀವು ಒಂದು ಕಾಲಿಗೆ ಚಪ್ಲಿ, ಒಂದು ಕಾಲಿಗೆ ಬೂಟು ಹಾಕ್ಕಂಡು ಅಡತಿಗೆ ಹೋಗಿ ಬರ್ರಿ. ಆಮ್ಯಾಲೆ ಹೇಳ್ತೀವಿ."

ಮರುದಿನ ಕೊಟ್ರೇಶಿ ತಾನೇ ಬಂದ. ಹುಡುಕುವ ಸಾಫ್ಟ್‌ವೇರ್ ಓಡಿಸಿದ. ಸಿಕ್ಕದ್ದು ಒಡೆದ ಗಡಿಗೆಯ ಚೂರು, ಯಾವುದೂ ತೆರೆಯಲಿಲ್ಲ. ಆದರೆ ಹೊರಗಿನ ಡಿಸ್ಕಿನಲ್ಲಿದ್ದ ಮೊದಲ ದಿನದ ಕಾಪಿ ಚೆನ್ನಾಗಿತ್ತು. ಅದನ್ನು ಡಿ ಡ್ರೈವಿಗೆ ಇಳಿಸಿ, ಮೆನುವಿಗೆ ದಾರಿ ತೋರಿಸಿ, ಕಂಪ್ಯೂಟರ್ ಆರಿಸಿ ಹಚ್ಚಿದ. ಎರಡು ಹೆಸರು ಬಂದವು. ಗಿರಿಜಾ ಬಾಣ ಕೆಳಗಿಳಿಸಿ ಎಂಟರ್ ಒತ್ತಿದಳು. ನಾನು ಕಣ್ಣು ಮುಚ್ಚಿ ಕೊಟ್ಟೂರಯ್ಯನನ್ನು ನೆನೆದೆ.

ಹಳೆಯ ವಿಂಡೋಸ್ ಎದ್ದಿತು. ಮಷೀನ್ ಕುಯ್ ಅಂದಿತು.

ನೋಡಿ, ಒಂದೇ ಫೈಲು. ಕಾಪಿ ಮಾಡಿಟ್ಟರೆ ಇಡೀ ಕಂಪ್ಯೂಟರನ್ನೇ ಕಾಪಿ ಮಾಡಿಟ್ಟಂತೆ. ಅಳಿಸಿದರೂ ಅಷ್ಟೇ, ಇಡೀ ಕಂಪ್ಯೂಟರೇ ಹೋಗುತ್ತದೆ. ಅನುಕೂಲ ಎನ್ನುವುದು ಯಾವಾಗಲೂ ಎರಡೂ ಕಡೆ ಕೊಯ್ಯುತ್ತದೆ.

ಎದ್ದದ್ದೇನೋ ಎದ್ದಿತು. ಆದರೆ ಒಳಗೆ ಖಾಲಿ. ಬಾಡಿಗೆ ಮನೆಗೆ ಹೊಸದಾಗಿ ಬಂದಂತೆ. ಗಿರಿಜಾ ಆ ಖಾಲಿ ಪರದೆಯನ್ನು ನೋಡುತ್ತ ಕೂತಳು. ಆಮೇಲೆ ಮುಗಿದ ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಕ್ಕಾ, ಮಂದಿ ಅಂಗಳದಾಗಿನ ರಂಗೋಲಿ ನೋಡಿ ನಾವು ನಮ್ಮ ಅಂಗಳದಾಗ ಹಾಕಲ್ಲೇನು?"

"ಹಾಕ್ತೀವಲ್ಲ."

"ಹಂಗಾದ್ರ ನನ್ನ ರಂಗೋಲಿ ನಾನಾ ನೋಡಿ ಹಾಕ್ತೀನಿ."

ತೋಳನ್ನು ಚಪ್ಪಟೆ ಮಾಡಿ, ಮೂಲೆಗೆ ಟಾಚಣಿ ಚುಚ್ಚಿ, ಮೊಬೈಲಿನಲ್ಲಿ ಫೋಟೋ ತೆಗೆದಳು. ಅದನ್ನು ಪರದೆಯ ಮೇಲೆ ಹಾಸಿ, ದಾರದ ಹಾದಿ ಹಿಡಿದು ಚುಕ್ಕಿ ಇಡುತ್ತ ಹೋದಳು. ಯಾವ ಎಳೆ ಮೊದಲು, ಯಾವುದರ ಮೇಲೆ ಯಾವುದು ಎಂದು ಬಟ್ಟೆ ತಿರುವಿ ಹಿಂಬದಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಎರಡು ದಿನ ಒಲೆ ಕಡೆ ಬರಬೇಡ ಅಂದೆ. ಕಸ, ಮುಸುರೆ, ರೊಟ್ಟಿ ಎಲ್ಲ ನನ್ನ ಪಾಲಿಗೆ ಬಂತು. ಯಜಮಾನರು ಯಾರೂ ಹೇಳದೆ ಉಳಿದ ಕೌದಿ ಹಿಂಡಿದರು. (ಭಾರ ತಿಳಿಯಿತು.)

ಎರಡನೆಯ ತೋಳು ಆಯಿತು.

ಉಜ್ಜಿನಿಯ ಹುಡುಗಿ ತಾಯಿಯ ಜೊತೆ ಬಂದಳು. ನಡೆದದ್ದನ್ನೆಲ್ಲ ಗಿರಿಜಾ ಮುಚ್ಚಿಡದೆ ಹೇಳಿದಳು. ಹುಡುಗಿ ಎರಡೂ ತೋಳನ್ನು ಅಕ್ಕಪಕ್ಕ ಇಟ್ಟು ನೋಡಿದಳು.

"ಅಕ್ಕಾರ, ಈ ಕಡೆ ಗುಬ್ಬಿ ಸ್ವಲ್ಪ ದಪ್ಪ ಆಗೇತಲ್ರೀ?"

ಗಿರಿಜಾ ತಡಮಾಡಲಿಲ್ಲ. "ತೆನಿ ತಿಂದೈತಿ ತಂಗಿ ಅದು."

ಮೊದಲು ನಕ್ಕವಳು ತಾಯಿ. ಆಮೇಲೆ ಹುಡುಗಿ ಎಷ್ಟು ನಕ್ಕಳೆಂದರೆ ಆ ದಪ್ಪ ಗುಬ್ಬಿಯೇ ತನ್ನ ಬಲಗೈಗೆ ಬರಲಿ ಅಂದಳು. ಧಾರೆಯ ಕೈ ಅದು. ಎಲ್ಲರಿಗೂ ಕಾಣಬೇಕಂತೆ.

ಉಳಿದ ಡಿಸೈನುಗಳ ಮಾತೇನು? ಹೊಲಿದು ಕೊಟ್ಟವು ಊರೂರಲ್ಲಿ ಇವೆ. ಕೂಡ್ಲಿಗಿಯ ಬೀರುವಿನಲ್ಲಿ, ಹಡಗಲಿಯ ಟ್ರಂಕಿನಲ್ಲಿ. ಗಿರಿಜಾ ಫೋನ್ ಮಾಡಿ ಫೋಟೋ ತರಿಸಿಕೊಳ್ಳುತ್ತಿದ್ದಾಳೆ. ಒಬ್ಬಾಕೆ ಗುಡೇಕೋಟೆಯಿಂದ ಕುಪ್ಪಸವನ್ನೇ ಬಸ್ಸಿಗೆ ಹಾಕಿ ಕಳಿಸಿದಳು, ಒಗೆದು, ಇಸ್ತ್ರಿ ಮಾಡಿ. ಆದರೆ ಬರೆದು ಇನ್ನೂ ಹೊಲಿಯದೆ ಇಟ್ಟಿದ್ದವು ಯಾವ ಬಟ್ಟೆಯ ಮೇಲೂ ಇಲ್ಲ. ಅವು ಹೋದವು. ಅದನ್ನು ನಾನು ಸಿಹಿ ಮಾಡಿ ಹೇಳಲಾರೆ. ಒಂದು ತೋಳಾದರೂ ಮುಗಿದಿತ್ತಲ್ಲ, ಕಾಪಿ ಒಂದಾದರೂ ಇತ್ತಲ್ಲ, ಎಂದು ದೇವರಿಗೆ ಕೈ ಮುಗಿದಿದ್ದೇನೆ. ಅಷ್ಟನ್ನು ಕೊಟ್ಟವನು ದೊಡ್ಡವನು.

ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ.

ಮಾನವಮಿ ಸ್ವಚ್ಛದಲ್ಲಿ ನಮ್ಮ ಅತ್ತೆಯವರು ಕಲಿಸಿದ ಒಂದು ಪದ್ಧತಿಯಿದೆ. ಹರಿದ ಮೊರವಾದರೂ ಸರಿ, "ಇದು ಯಾರದು?" ಎಂದು ಮನೆಯಲ್ಲಿ ಕೂಗಿ ಕೇಳದೆ ಹೊರಗೆ ಎಸೆಯುವ ಹಾಗಿಲ್ಲ. ಯಜಮಾನರೂ ಅದನ್ನು ಮೀರಿದವರಲ್ಲ. ಮುರಿದ ಛತ್ರಿ ಹಿಡಿದುಕೊಂಡು ಮನೆಯೆಲ್ಲ ತಿರುಗಿ ಕೇಳಿದ್ದರು. ಗಿರಿಜಾಳ ಕೋಣೆಯಿಂದ ಒಂದು ದಾರದ ಉಂಡೆಯನ್ನೂ ಕೇಳದೆ ಎತ್ತುವವರಲ್ಲ. ಮತ್ತೆ ಅರ್ಧ ಡ್ರೈವ್ ತುಂಬಿದ್ದ ಫೈಲಿನ ಬಗ್ಗೆ ಯಾಕೆ ಕೂಗಲಿಲ್ಲ?

ಕೇಳಿದೆ. ಪಾಪ, ಸುಳ್ಳು ಹೇಳಲಿಲ್ಲ. "ಕಂಪ್ಯೂಟರ್ ನಂದಾ ಅಂತ ತಿಳ್ಕಂಡಿದ್ದೆ" ಅಂದರು.

ದಿನಾ ಬೆಳಿಗ್ಗೆ ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು ಕಣ್ರೀ!

ಈ ಸಲ ಕೊಟ್ರೇಶಿ ಆ ಫೈಲಿಗೆ 'ಗಿರಿಜಾ' ಎಂದೇ ಹೆಸರಿಟ್ಟು ಹೋಗಿದ್ದಾನೆ. ಯಜಮಾನರು ಈಗ ಆ ಕಡೆ ಮೌಸ್ ಕೂಡ ಒಯ್ಯುವುದಿಲ್ಲ. ಹೆಸರು ಬರೆದ ಮೇಲೆ ಅದು ಕಸವಲ್ಲ, ಕೆಲಸ.

ಒಳ್ಳೆಯದೇ ಆಯಿತು ಅಂದುಕೊಂಡೆ. ಮಾನವಮಿಯ ಘಟದ ಮುಂದೆ ಒಂಬತ್ತು ದಿನ ಆರದೆ ಉರಿಯುವ ದೀಪಕ್ಕೆ ಬತ್ತಿ ಆಗಿರಲಿಲ್ಲ, ಹತ್ತಿ ತೆಗೆದುಕೊಂಡು ಹೊಸೆಯಲು ಕೂತೆ. ನಾನು ಹೊಸೆದ ಬತ್ತಿಯ ಮೇಲೆ ನನ್ನ ಹೆಸರು ಎಲ್ಲಿ ಬರೆಯುವುದು ಹೇಳಿ?