ಅಜ್ಜಿ ಮಿಸ್ಸಿಗೆ ಕನ್ನಡ ಕಲಿಸಿದವಳು

ದೊಡ್ಡಬಳ್ಳಾಪುರದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಒಂದು ವರ್ಷ ಮೂರನೇ ತರಗತಿಯ ಮಕ್ಕಳ ಹಿಂದೆ ಚಾಪೆಯ ಮೇಲೆ ಕೂತಿದ್ದೆ. ಆಗ ನನಗೆ ಮೂವತ್ತು ದಾಟಿತ್ತು. ಬೇರೆ ಬೇರೆ ಸೀಮೆಗಳಿಂದ, ಬೇರೆ ಬೇರೆ ಮನೆಮಾತುಗಳಿಂದ ಬಂದ ಮಕ್ಕಳು ಒಂದೇ ಕೋಣೆಯಲ್ಲಿ ಹೇಗೆ ಕಲಿಯುತ್ತಾರೆ, ಒಬ್ಬರಿಗೊಬ್ಬರು ಹೇಗೆ ಹೊಂದಿಕೊಳ್ಳುತ್ತಾರೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಸೂಲಿಬೆಲೆ ಕಡೆಯ ಹಳ್ಳಿಯಲ್ಲಿರುವ ನನ್ನ ಅಮ್ಮನಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ, "ಅಷ್ಟೆಲ್ಲ ಓದ್ಸಿದ್ದು ವಾಪಸ್ ಮೂರನೇ ಕ್ಲಾಸಲ್ಲಿ ಕೂತ್ಕೊಳೋಕಾ?" ಎಂದು ಕೇಳುವುದನ್ನು ಬಿಡಲಿಲ್ಲ.

ಜೊತೆಗೆ ನನ್ನ ಹಿರಿಯ ಸಹೋದ್ಯೋಗಿ ಬರುತ್ತಿದ್ದರು. ಕೋಲ್ಕತ್ತಾದ ಬಂಗಾಳಿ ಹೆಂಗಸು, ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಶಾಲೆಗಳನ್ನು ನೋಡುತ್ತ ನೋಡುತ್ತಲೇ ತಲೆ ನೆರೆತವರು. ಮಂಡಿನೋವಿದ್ದರೂ ಕುರ್ಚಿ ಬೇಡವೆಂದು ಮಕ್ಕಳ ಸಮಕ್ಕೆ ನೆಲದ ಮೇಲೇ ಕೂರುವರು. ಏಳಬೇಕಾದಾಗ ಇಬ್ಬರು ಹುಡುಗಿಯರು ಓಡಿ ಬಂದು ಎರಡೂ ಕೈ ಹಿಡಿದು ಎಬ್ಬಿಸುತ್ತಿದ್ದರು. ಮಕ್ಕಳು ಅವರನ್ನು ಅಜ್ಜಿ ಮಿಸ್ ಎಂದು ಕರೆಯತೊಡಗಿದ ಮೇಲೆ ಟೀಚರೂ ಹಾಗೇ ಕರೆದರು, ಕೊನೆಗೆ ನಾನೂ. ಅಜ್ಜಿ ಮಿಸ್ ನನಗೆ ಮೊದಲ ದಿನವೇ ಒಂದು ಕಟ್ಟು ಹಾಕಿದ್ದರು: ನಾವು ಪಾಠ ಹೇಳಬಾರದು, ಯಾರನ್ನೂ ತಿದ್ದಬಾರದು, ನೋಡಬೇಕು ಅಷ್ಟೆ.

ದಸರಾ ರಜೆ ಮುಗಿದ ಮೇಲೆ ಒಡಿಶಾದಿಂದ ಬಂದ ಒಂದು ಹುಡುಗಿ ಆ ತರಗತಿಗೆ ಸೇರಿದಳು. ಅವಳ ಅಪ್ಪ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹುಡುಗಿ ಆಟಕ್ಕೆ ಮುಂದು, ಬರೆಯುವುದಕ್ಕೂ ಮುಂದು. ಮಾತು ಮಾತ್ರ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು.

"ಕೇಳಿದ್ದೆಲ್ಲ ಅರ್ಥ ಆಗುತ್ತೆ ಮೇಡಂ, ಬಾಯಿ ಮಾತ್ರ ಬಿಡಲ್ಲ. ಗದರ್ಸೋಕೂ ಮನಸ್ಸು ಬರಲ್ಲ" ಎಂದು ಟೀಚರು ನನ್ನ ಹತ್ತಿರ ಹೇಳಿಕೊಂಡರು.

ಅಜ್ಜಿ ಮಿಸ್ಸಿಗೆ ಒಡಿಯಾ ಅಷ್ಟಿಷ್ಟು ಬರುತ್ತಿತ್ತು. ಮಗು ಮನೆಮಾತು ಕೇಳಿದರೆ ಅರಳುತ್ತದೆಂದು ನಮ್ಮಿಬ್ಬರಿಗೂ ನಂಬಿಕೆ. ಒಂದು ದಿನ ಅವಳ ಪಕ್ಕ ಕೂತು ಒಡಿಯಾದಲ್ಲಿ ಏನೋ ಮೆಲ್ಲಗೆ ಕೇಳಿದರು. ಸುತ್ತಲಿನ ಮಕ್ಕಳೆಲ್ಲ ತಿರುಗಿ ನೋಡಿದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತವಳು ಗಂಟೆ ಹೊಡೆಯುವವರೆಗೂ ಈಚೆ ತಿರುಗಲಿಲ್ಲ. ಅವತ್ತು ಬಸ್ಸಿನಲ್ಲಿ ಅಜ್ಜಿ ಮಿಸ್ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಆಮೇಲೆ, "ಎಲ್ಲರ ಹಾಗಿರಬೇಕು ಅಂತ ಅವಳಿಗೆ ಆಸೆ. ನಾನು ಹೋಗಿ ಬೇರೆ ಮಾಡಿ ತೋರಿಸಿಬಿಟ್ಟೆ" ಎಂದರು. ಮತ್ತೆ ಆ ಪ್ರಯತ್ನ ಮಾಡಲಿಲ್ಲ.

ಸಂಕ್ರಾಂತಿಯ ಆಸುಪಾಸಿನ ಒಂದು ಮಧ್ಯಾಹ್ನ ಶಾಲೆಗೆ ಮೊಟ್ಟೆ ಬಂದಿರಲಿಲ್ಲ. ಎಲ್ಲರಿಗೂ ಊಟದ ಜೊತೆ ಬಾಳೆಹಣ್ಣು ಕೊಡುತ್ತಿದ್ದರು. ಅಜ್ಜಿ ಮಿಸ್ಸಿಗೆ ಆ ವೇಳೆಗೆ ನಾಲ್ಕು ಮಾತು ಕನ್ನಡ ಬಂದಿತ್ತು. ಅದನ್ನು ಎಲ್ಲಾದರೂ ಆಡಲೇಬೇಕೆಂಬ ಹುಮ್ಮಸ್ಸು ಬೇರೆ. ತಟ್ಟೆ ಹಿಡಿದು ಅಡುಗೆಯವರ ಮುಂದೆ ನಿಂತು, "ಅಕ್ಕ, ನನಗೆ ಒಂದು ಬಾಲೆಹಣ್ಣು" ಎಂದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಹಿಂದೆ ನಿಂತಿದ್ದ ಆ ಹುಡುಗಿ ನಗಲಿಲ್ಲ. ಅವರ ಸೆರಗು ಹಿಡಿದು ಎಳೆದು, ಸ್ಪಷ್ಟವಾಗಿ ಹೇಳಿದಳು.

"ಬಾಲೆ ಅಲ್ಲ ಅಜ್ಜಿ ಮಿಸ್. ಬಾಳೆ."

ನಗು ನಿಂತುಹೋಯಿತು. ಅಡುಗೆಯವರ ಕೈಯಲ್ಲಿದ್ದ ಸೌಟು ಹಾಗೇ ಉಳಿಯಿತು. ಅಜ್ಜಿ ಮಿಸ್ ಮಾತ್ರ ದಿನಾ ನಡೆಯುವ ಸಂಗತಿಯೆಂಬಂತೆ ಅವಳ ಕಡೆ ಬಾಗಿ, "ಬಾಲೆ?" ಎಂದರು.

"ನಾಲಿಗೆ ಮೇಲೆ ಮಡಚಿ. ಬಾಳೆ." ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿದಳು.

ಅವಳ ಒಡಿಯಾದಲ್ಲಿ ಆ ಳಕಾರ ಉಂಟು, ಅಜ್ಜಿ ಮಿಸ್ಸಿನ ಬಂಗಾಳಿಯಲ್ಲಿ ಇಲ್ಲ. ಅದನ್ನು ನಾನು ಆಮೇಲೆ ಅವರಿಂದಲೇ ತಿಳಿದುಕೊಂಡೆ.

ಟೀಚರು ಜಾಣೆ. ಮಾರನೆಯ ದಿನ ಒಂದನೇ ತರಗತಿಯ ಪುಸ್ತಕ ತಂದು ಹುಡುಗಿಯ ಕೈಗಿಟ್ಟು, "ಅಜ್ಜಿ ಮಿಸ್ಸಿಗೆ ಕನ್ನಡ ಬರಲ್ಲ ಕಣೇ. ಊಟ ಆದ್ಮೇಲೆ ನೀನೇ ಹೇಳ್ಕೊಡು" ಎಂದರು. ಅಂದಿನಿಂದ ಬೇವಿನ ಮರದ ಕೆಳಗೆ ಪಾಠ ಶುರುವಾಯಿತು. ಬೇಳೆ, ಕೋಳಿ, ಮಳೆ, ಹಳ್ಳ. ಹುಡುಗಿ ಬಲು ಕಟ್ಟುನಿಟ್ಟು. ತಪ್ಪಿದರೆ ಟೀಚರ ಧಾಟಿಯಲ್ಲೇ, "ಮನೇಲಿ ಓದ್ಕೊಂಡು ಬರಲ್ವಾ?" ಎಂದು ಕೇಳುವಳು. ಅಜ್ಜಿ ಮಿಸ್ ತಲೆ ತಗ್ಗಿಸಿ, "ನಾಲೆ ಓದ್ತೀನಿ" ಎನ್ನುವರು. ಅದಕ್ಕೂ ಬೈಗುಳ ಬೀಳುವುದು. ವಾರ ಕಳೆಯುವುದರೊಳಗೆ ಬೇರೆ ಮಕ್ಕಳೂ ಸುತ್ತ ಕೂತು ಒಂದೊಂದು ಮಾತು ಸೇರಿಸತೊಡಗಿದರು. ಅವರ ಜೊತೆ ಜಗಳವಾಡುತ್ತ, ವಾದಿಸುತ್ತ ಅವಳು ತರಗತಿಯೊಳಗೂ ಬಾಯಿ ಬಿಟ್ಟಳು. ಆಮೇಲೆ ಅವಳನ್ನು ಸುಮ್ಮನಿರಿಸುವುದೇ ಟೀಚರಿಗೆ ಕೆಲಸವಾಯಿತು.

ನನಗೊಂದು ಅನುಮಾನ ಕೊರೆಯುತ್ತಿತ್ತು. ನಾವೇ ಹಾಕಿಕೊಂಡ ಕಟ್ಟು ಮುರಿದ ಹಾಗಾಗಲಿಲ್ಲವೇ ಎಂದು ಅಜ್ಜಿ ಮಿಸ್ಸನ್ನು ಕೇಳಿದೆ.

"ಪಾಠ ಹೇಳಬಾರದು ಅಂದಿದ್ದೆ" ಎಂದರು ಅವರು. "ಕಲಿಯಬಾರದು ಅಂತ ಹೇಳಿದ್ದೆನೇ?"

ಬೇಸಿಗೆ ರಜೆಗೆ ಮುಂಚೆ ಒಂದು ದಿನ ಬೇವಿನ ಮರದ ಕೆಳಗೆ ಹುಡುಗಿ ತಾನಾಗಿಯೇ ಮಕ್ಕಳಿಗೆ ಒಡಿಯಾದಲ್ಲಿ ಎಣಿಸುವುದನ್ನು ಹೇಳಿಕೊಡುತ್ತಿದ್ದಳು. ಎಲ್ಲರೂ ರಾಗವಾಗಿ ಕೂಗುತ್ತಿದ್ದರು. ಅಜ್ಜಿ ಮಿಸ್ ದೂರದಲ್ಲೇ ನಿಂತು ಕನ್ನಡಕ ಒರೆಸಿಕೊಂಡರು, ಹತ್ತಿರ ಹೋಗಲಿಲ್ಲ.

ಆ ವರ್ಷವೇ ಅವರು ನಿವೃತ್ತರಾಗಿ ಕೋಲ್ಕತ್ತಾಗೆ ಹೊರಟುಹೋದರು. ಹುಡುಗಿಯ ಅಪ್ಪ ಬೇರೆ ಮಗ್ಗಕ್ಕೆ ಸೇರಿದ್ದರಿಂದ ಅವಳ ಶಾಲೆಯೂ ಬದಲಾಯಿತು.

ಎಷ್ಟೋ ವರ್ಷ ಕಳೆದ ಮೇಲೆ, ಹೋದ ಯುಗಾದಿಯ ಹಿಂದಿನ ದಿನ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಎತ್ತರದ ಹುಡುಗಿ ಹೂವಿನವಳ ಜೊತೆ ವಾದಕ್ಕೆ ನಿಂತಿದ್ದಳು. "ಏನಕ್ಕ, ನಿಮ್ ಮೊಳ ಇಷ್ಟೇನಾ? ನಮ್ಮಮ್ಮನ ಕೈಯಲ್ಲಿ ಅಳೀರಿ." ದನಿಯಲ್ಲೇ ಗುರುತು ಸಿಕ್ಕಿತು. ಅವಳೂ ನನ್ನನ್ನು ನೋಡಿದಳು, ಹತ್ತಿರ ಬಂದವಳೇ, "ಅಜ್ಜಿ ಮಿಸ್ ಹೆಂಗಿದ್ದಾರೆ?" ಎಂದು ಕೇಳಿದಳು.

ಅಲ್ಲೇ ವೀಡಿಯೊ ಕಾಲ್ ಮಾಡಿಕೊಟ್ಟೆ. ಹುಡುಗಿ ಮೊದಲು ಕನ್ನಡದಲ್ಲಿ ಶುರುಮಾಡಿದಳು. ನಡುವೆ ಪಕ್ಕದಲ್ಲಿದ್ದ ಅವಳ ಅಮ್ಮ ತಲೆ ತೂರಿಸಿದಳು. ಆಮೇಲೆ ಮೂವರೂ ಒಡಿಯಾಗೋ ಬಂಗಾಳಿಗೋ ಹೊರಳಿಕೊಂಡು, ಬಸ್ಸುಗಳ ಗದ್ದಲವನ್ನೂ ಮೀರಿ ಮಾತಾಡಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅವರ ಹೂವಿನ ಪೊಟ್ಟಣವನ್ನೂ ಬೇವಿನ ಸೊಪ್ಪನ್ನೂ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ನಾನು ಹತ್ತಬೇಕಿದ್ದ ಬಸ್ಸು ಬಂತು, ಹೊರಟಿತು. ಇನ್ನೊಂದು ಬರುತ್ತದೆ ಎಂದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.