ಮೊಸರಪ್ಪನನ್ನು ಕರೆದದ್ದು ಯಾರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮುಖದ ಮೇಲೆಯೇ 'ಸುಳ್ಳು' ಎನ್ನುತ್ತಿದ್ದವನು ನಾನು. ಈಗ ನಾನೇ ಹೇಳಬೇಕಾಗಿ ಬಂದಿದೆ. ಅದಕ್ಕೂ ನನಗೆ ಸಿಟ್ಟಿದೆ.

ಮಗಳು ಸಾಕಿದ್ದ ಕಾಕಟೂ ಹಕ್ಕಿಯ ಗಲಾಟೆಯನ್ನು ಅವಳ ಬಾಡಿಗೆ ಮನೆಯ ಮಾಲೀಕರು ಸಹಿಸಲಿಲ್ಲ. ಅದು ಚಿತ್ರದುರ್ಗದ ನಮ್ಮ ಮನೆಗೆ ಬಂದು ವಕ್ಕರಿಸಿತು. ಕೋಳಿಯಷ್ಟು ದಪ್ಪ, ಬಿಳಿ ಮೈ, ಹಳದಿ ಜುಟ್ಟು. ಒಂಟಿಯಾಗಿ ಬಿಟ್ಟರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ನನ್ನ ಎರಡು ಕನ್ನಡಕ ಕಚ್ಚಿ ಮುರಿದಿದೆ. ಆದರೆ ಜನ ಮಾತ್ರ ಬೇಕೇ ಬೇಕು. ಮನೆಗೆ ಬಂದವರಿಗೆ ನಾನು ಹೇಳುವ "ಬರ್ರಿ, ಕುಂತ್ಕಳ್ರಿ" ಎಂಬುದನ್ನು ನನ್ನ ಧ್ವನಿಯಲ್ಲೇ ಕಲಿತು, ಗೇಟಿನ ಮುಂದೆ ಹೋಗುವವರನ್ನೆಲ್ಲ ಕರೆಯತೊಡಗಿತು. ಸೊಪ್ಪಿನವಳು, ಕೊರಿಯರ್‌ನವನು, ಗುರುತೇ ಇಲ್ಲದವರು ಕೂಡ ಒಳಗೆ ಬಂದು ಕೂತದ್ದುಂಟು. ಅವರಿಗೆಲ್ಲ ನೀರು ಕೊಟ್ಟು ಕಳಿಸಿ ನನಗೆ ಸಾಕಾಗಿತ್ತು.

ನನ್ನ ತಮ್ಮ ಮತ್ತೋಡಿನಲ್ಲಿದ್ದಾನೆ. ನನ್ನ ಮಗಳ ಮದುವೆಯ ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. ಪ್ರೆಸ್ಸಿನವರ ತಪ್ಪು, ಓದಿ ನೋಡದೆ ಹಂಚಿದ್ದು ನನ್ನ ತಪ್ಪು. ಬೇಕೆಂದೇ ಬಿಟ್ಟೆನೆಂದು ಅವನು ಮದುವೆಗೇ ಬರಲಿಲ್ಲ. ಒಡಹುಟ್ಟಿದವನಿಗೆ ಅಷ್ಟೂ ನಂಬಿಕೆ ಇಲ್ಲವೇ ಎಂದು ನಾನೂ ಮಾತು ಬಿಟ್ಟೆ. ಮೊಸರಿಲ್ಲದೆ ಉಣ್ಣದ ಅವನನ್ನು ಮೊಸರಪ್ಪ ಎಂದು ಕರೆಯುತ್ತಿದ್ದವನು ನಾನೊಬ್ಬನೇ. ಆರು ವರ್ಷದಿಂದ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಹಕ್ಕಿ ಬಂದು ಇನ್ನೂ ಎರಡು ವರ್ಷ.

ಹೋದ ವರ್ಷ ಒಂದು ಮಧ್ಯಾಹ್ನ ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಹಕ್ಕಿ ಜುಟ್ಟು ನಿಗುರಿಸಿ, ನನ್ನದೇ ಧ್ವನಿಯಲ್ಲಿ, "ಲೇ ಮೊಸರಪ್ಪ, ಬಾರಲೇ ಒಳಕ್ಕೆ" ಅಂದಿತು. ಪೇಪರ್ ಮಡಿಸಿ ತಲೆಯೆತ್ತುವಷ್ಟರಲ್ಲಿ ತಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಬಂದಿದ್ದವನು ಗೇಟಿನ ಮುಂದೆ ಹೋಗುತ್ತಿದ್ದನಂತೆ. ಹೆಂಡತಿ ಕೊಟ್ಟ ನೀರಿನ ಚೊಂಬು ಹಿಡಿದು ಕೂತ. ಕಣ್ಣು ತುಂಬಿದ್ದವು.

"ನೀನು ಕರೀತೀಯ ಅಂದ್ಕಂಡಿರಲಿಲ್ಲ ಕಣಣ್ಣ," ಅಂದ.

"ನಾನೆಲ್ಲಿ ಕರೆದೆ? ಕರೆದಿದ್ದು ಆ ಹಕ್ಕಿ," ಅಂದುಬಿಟ್ಟೆ.

ಅವನು ಚೊಂಬನ್ನು ತುಂಬಿದ್ದಂತೆಯೇ ಕೆಳಗಿಟ್ಟು ಎದ್ದು ಹೋದ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ನಿದ್ದೇಲಿ ನೀವೇ ಕರೀತಿದ್ರೇನೋ," ಅನ್ನುತ್ತಾಳೆ ಹೆಂಡತಿ. "ಹಂಗಾರೆ ಪಕ್ಕದಾಗಿರೋ ನಿಂಗೆ ಕೇಳಿಸ್ಬೇಕಿತ್ತಲ್ಲ?" ಎಂದು ರೇಗಿದೆ. ತಾನು ಕಲಿಸಿಲ್ಲವೆಂದು ಅವಳು ಮಗಳ ಮೇಲೆ ಆಣೆ ಇಟ್ಟಿದ್ದಾಳೆ. ಮನೆಯಲ್ಲಿ ಇರುವವರು ನಾವಿಬ್ಬರೇ.

ಆಮೇಲೆ ಹಕ್ಕಿ ಆ ಹೆಸರು ಎತ್ತಿಲ್ಲ. ಶೇಂಗಾ ಹಿಡಿದು ಪಂಜರದ ಮುಂದೆ ಕೂತು, "ಅನ್ನಲೇ, ಮೊಸರಪ್ಪ ಅನ್ನು" ಎಂದು ದಿನಾ ಗದರಿಸುತ್ತೇನೆ. ಅದು ಶೇಂಗಾ ಕಸಿದುಕೊಂಡು, ಗೇಟಿನ ಕಡೆ ತಿರುಗಿ, "ಬರ್ರಿ, ಕುಂತ್ಕಳ್ರಿ" ಅನ್ನುತ್ತದೆ.

ನಿನ್ನೆ ಹೆಂಡತಿ ನನ್ನ ಫೋನು ತಂದು ಪಂಜರದ ಪಕ್ಕದಲ್ಲಿಟ್ಟು, "ಹಕ್ಕಿಗೇ ಹೇಳ್ಬೇಕೇನು ಆ ಹೆಸ್ರ, ತಮ್ಮಂಗೆ ಹೇಳ್ಬಾರ್ದಾ?" ಎಂದು ಒಳಗೆ ಹೋದಳು. ಫೋನು ಇನ್ನೂ ಅಲ್ಲೇ ಇದೆ. ಹಕ್ಕಿಗೆ ಆ ಮಾತು ಎಲ್ಲಿ ಸಿಕ್ಕಿತೋ ನನಗೆ ಇವತ್ತಿಗೂ ತಿಳಿದಿಲ್ಲ.