ಕಾರ್ಡಿನಲ್ಲಿ ಉಳಿದ ಪೆಟ್ಟು

ಶಹಾಪುರದ ಆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದೇ ಮಷೀನಿನ ಬೇರಿಂಗ್ ಎರಡು ಸಲ ಒಡೆದಿತ್ತು. ಎರಡು ಸಲವೂ ಮಾಲೀಕರು ಹಿರಿಯ ಫಿಟ್ಟರ್ ಮೇಲೆ ಗೂಬೆ ಕೂರಿಸಿದ್ದರು. ಮೂರನೆಯ ಸಲ ಒಡೆದು, ತಪ್ಪು ಅವರ ಜೋಡಣೆಯದೇ ಎಂದು ಗೊತ್ತಾದರೆ ಕೆಲಸ ಬಿಡಬೇಕು ಎಂದೂ ಹೇಳಿಯಾಗಿತ್ತು. ಅದನ್ನು ಪತ್ತೆ ಹಚ್ಚಲು ಯಾದಗಿರಿಯಿಂದ ನನ್ನನ್ನು ಕರೆಸಿದ್ದರು. ಮಷೀನುಗಳ ನಡುಕ ಅಳೆಯುವುದು ನನ್ನ ಕೆಲಸ.

ಬೇರಿಂಗ್ ಮೇಲೆ ಸೆನ್ಸರ್ ಅಂಟಿಸಿ, ಅದರ ವೈರನ್ನು ಮಿಲ್ಲಿನ ಹಳೆಯ ಕಂಪ್ಯೂಟರಿನೊಳಗೆ ಕೂರಿಸಿದ ಕಾರ್ಡಿಗೆ ಜೋಡಿಸಿದ್ದೆ. ಕಾರ್ಡು ನಡುಕವನ್ನು ಅಂಕಿಗಳಾಗಿ ಮಾಡಿ ತನ್ನದೇ ಪುಟ್ಟ ಮೆಮೊರಿಯ ಮನೆಗಳಲ್ಲಿ ಸಾಲಾಗಿ ಬರೆದುಕೊಳ್ಳುತ್ತದೆ. ಮನೆಗಳು ತುಂಬಿದರೆ ಮತ್ತೆ ಮೊದಲ ಮನೆಗೆ ಬಂದು, ಹಳೆಯದನ್ನು ಅಳಿಸಿ ಬರೆಯುತ್ತದೆ, ಎತ್ತು ಗಾಣ ಸುತ್ತಿದ ಹಾಗೆ. ದೊಡ್ಡ ಪೆಟ್ಟು ಬಿದ್ದರೆ ಮಾತ್ರ ಇನ್ನಷ್ಟು ಬರೆದು ನಿಲ್ಲುತ್ತದೆ. ಆಮೇಲೆ ಅದನ್ನೆಲ್ಲ ಕಂಪ್ಯೂಟರಿನ ಡಿಸ್ಕಿಗೆ ಸಾಗಿಸಬೇಕು. ಅಷ್ಟರೊಳಗೆ ಕರೆಂಟು ಹೋದರೆ ಎಲ್ಲ ಖಲಾಸ್.

ಅಮಾವಾಸ್ಯೆಯ ಬೆಳಿಗ್ಗೆ ಬೇರಿಂಗ್ ಮತ್ತೆ ಒಡೆಯಿತು. ನಾನು ಬಸ್ಸಿಳಿದು ಓಡಿ ಬಂದಾಗ ಮಷೀನಿನ ಮೇಲೆ ಆಗಲೇ ಹೂವಿತ್ತು. ಅಲ್ಲಿ ಪ್ರತಿ ಅಮಾವಾಸ್ಯೆಗೂ ಮಷೀನುಗಳಿಗೆ ಪೂಜೆ. ಪೂಜೆಯ ಹೊತ್ತಿಗೆ ಇಡೀ ಮಿಲ್ಲಿನ ಮೇನ್ ಸ್ವಿಚ್ ಇಳಿಸಬೇಕು, ಒಂದು ಲೈಟೂ ಉರಿಯಬಾರದು. ಮೇನ್ ಇಳಿಸಿ ಕಾಯಿ ಒಡೆಯುವ ಹಕ್ಕು ಹಿರಿಯ ಫಿಟ್ಟರ್‌ಗೆ ಸೇರಿದ್ದು.

"ಲಗೂ ಮುಗಸ್ರಿ ಮೇಡಂ, ಪೂಜಾ ಟೈಮ್ ಆತು," ಎಂದು ಮಾಲೀಕರು ನನ್ನ ಬೆನ್ನ ಹಿಂದೆಯೇ ನಿಂತರು. ಫಿಟ್ಟರ್ ಕಾಯಿ ಹಿಡಿದು ಮೇನ್ ಕೆಳಗೆ ನಿಂತಿದ್ದರು. ಅವರ ಅನ್ನ ಆ ಕಾರ್ಡಿನಲ್ಲಿತ್ತು. ಅಂಕಿಗಳನ್ನು ಡಿಸ್ಕಿಗೆ ಸಾಗಿಸಲು ಹಚ್ಚಿದೆ; ಸಾಗಣೆ ತೋರಿಸುವ ಪರದೆಯ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತೇಬಿಟ್ಟಿತು ಅನ್ನಿಸಿತು. ಪಟ್ಟಿ ತುಂಬಿದ್ದೇ ತಡ, ನಡುಕದ ಗೆರೆ ತೆರೆದೆ. ಮೊದಲು ಒಂದೇ ಸಮನೆ ಬಡಿತ, ನಡುವೆ ಏರಿಳಿತವಿಲ್ಲದ ಸಪಾಟು, ಕಟ್ಟಕಡೆಗೆ ದೊಡ್ಡ ಪೆಟ್ಟು.

"ಬಡಿತ ಮೊದಲ ಇತ್ರಿ," ಎಂದುಬಿಟ್ಟೆ, ಎಲ್ಲ ಕೆಲಸಗಾರರ ಎದುರಿಗೆ. "ಬೇರಿಂಗ್ ಸರಿ ಕುಂತಿದ್ದಿಲ್ಲ."

ಫಿಟ್ಟರ್ ಪರದೆಗೆ ಬಗ್ಗಿ ನೋಡಿದರು. "ನಡುವ ಸಪಾಟ್ ಐತಲ್ರಿ ಅಕ್ಕೋರ. ಕೆಟ್ಟ ಬೇರಿಂಗ್ ತಾನ ಸುಮ್ಮಾಗ್ತದೇನ್ರಿ?"

"ನನ್ನ ಕೆಲಸ ನನಗ ಕಲಿಸಬ್ಯಾಡ್ರಿ!" ಎಂದು ಗದರಿದೆ. ಮೂಗಿನ ತುದಿಯಲ್ಲಿರುವ ನನ್ನ ಸಿಟ್ಟು ನಾನು ಬೆಳೆದ ಸುರಪುರದ ಇಡೀ ಓಣಿಗೆ ಗೊತ್ತು.

ಅವರು ಕಾಯಿಯನ್ನೂ ತಮ್ಮ ಬಳಿಯಿದ್ದ ಮಿಲ್ಲಿನ ಬೀಗದ ಕೈಗಳ ಗೊಂಚಲನ್ನೂ ಮೇಜಿನ ಮೇಲಿಟ್ಟು ಹೊರಟುಹೋದರು. ಬೇರೆ ಯಾರೋ ಮೇನ್ ಇಳಿಸಿ ಕಾಯಿ ಒಡೆದರು.

ಪೂಜೆ ಮುಗಿದು ಮೇನ್ ಏರಿದಾಗ ಕಾರ್ಡು ಬರಿದಾಗಿತ್ತು. ಡಿಸ್ಕಿಗೆ ಸಾಗಿಸಿದ್ದ ನಕಲು ಮಾತ್ರ ಉಳಿದಿತ್ತು. ಅವರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಮತ್ತೆ ತೆರೆದು ನೋಡಿದೆ. ಅವಸರದಲ್ಲಿ ನಾನು ಮನೆಗಳನ್ನು ಇದ್ದ ಸಾಲಿನಲ್ಲೇ ಓದಿದ್ದೆ. ಮೊದಲ ಮನೆಯಲ್ಲಿರುವುದೇ ಮೊದಲು ನಡೆದದ್ದು ಎಂದುಕೊಂಡಿದ್ದೆ. ಪೆಟ್ಟು ಬಿದ್ದದ್ದು ಕೊನೆಯ ಮನೆಗಳಲ್ಲಿ. ಅಲ್ಲಿಂದ ಕಾರ್ಡು ಸುತ್ತು ಹಾಕಿ ಮೊದಲ ಮನೆಗೆ ಬಂದು ಆಮೇಲಿನ ಬಡಿತ ಬರೆದಿತ್ತು. ಸರಿಯಾಗಿ ಜೋಡಿಸಿದರೆ ಮೊದಲು ಸಪಾಟು, ನಂತರ ಪೆಟ್ಟು, ಆಮೇಲೆ ಬಡಿತ. ಹತ್ತಿಯ ಜೊತೆ ಏನೋ ಗಟ್ಟಿ ವಸ್ತು ಒಳಗೆ ಹೋಗಿ ಹೊಡೆಯುವವರೆಗೂ ಬೇರಿಂಗ್ ಗಟ್ಟಿಮುಟ್ಟಾಗಿತ್ತು.

ಬಸ್ ಸ್ಟ್ಯಾಂಡಿಗೆ ಓಡಿದೆ. ಫಿಟ್ಟರ್ ಊರು ಯಾದಗಿರಿ ಆಚೆಯ ಕೊಂಕಲ್. ಯಾದಗಿರಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು.

"ತಪ್ಪು ನಂದೈತ್ರಿ. ಗೆರಿ ಹಿಂದ ಮುಂದ ಓದೀನಿ," ಎಂದೆ.

ಅವರು ಏಳಲಿಲ್ಲ. "ಎಲ್ಲಾರ ಮುಂದ ಅಂದ್ರಿ. ಈಗ ಕಿಟಕ್ಯಾಗ ಬಂದು ಪಿಸುಪಿಸು ಅಂದ್ರ ಹ್ಯಾಂಗ್ರಿ?"

ಕಂಡಕ್ಟರ್ ಸೀಟಿ ಹೊಡೆದ. ನಾನು ಕಿಟಕಿಯ ಸರಳು ಬಿಡಲಿಲ್ಲ. "ಅಲ್ಲೇ ಬಂದು, ಎಲ್ಲಾರ ಮುಂದ ಹೇಳ್ತೀನಿ. ಇಳೀರಿ."

ಅವರು ಇಳಿದರು. ಮಿಲ್ಲಿನಲ್ಲಿ ಅದೇ ಜನರ ಮುಂದೆ, ಅದೇ ಪರದೆಯ ಪಕ್ಕ ನಿಂತು ಹೇಳಿದೆ. ಮಾಲೀಕರು ಗೊಂಚಲನ್ನು ಎತ್ತಿ ಮುಂದೆ ಚಾಚಿದರು. ಫಿಟ್ಟರ್ ಅದನ್ನು ಮುಟ್ಟಲಿಲ್ಲ.

"ಮೊದಲ ಇನ್ನೊಂದು ಕಾಯಿ ತರಸ್ರಿ," ಎಂದರು.

ತರಿಸಿದರು. ಅವರು ತಮ್ಮ ಕೈಯಿಂದಲೇ ಮೇನ್ ಇಳಿಸಿ, ಕಾಯಿ ಒಡೆದು, ಮೊದಲ ಚೂರನ್ನು ನನ್ನ ಕೈಗಿಟ್ಟರು.

"ತಿನ್ರಿ ಅಕ್ಕೋರ."

ಬಾಯಿಗೆ ಹಾಕಿಕೊಂಡೆ. ಆಮೇಲೆ ಅವರು ಮಾಲೀಕರ ಕೈಯಿಂದ ಗೊಂಚಲು ತೆಗೆದುಕೊಂಡರು.